ಶಿಶುನಾಳದ ಶರೀಫರು: ಬಾಳು ಮತ್ತು ಹಾಡು

ಬೆಳಗಿನ ಹೊತ್ತು ತಾವು ಚಹದ ಬಟ್ಟಲನ್ನು ಕೈಯಲ್ಲಿ ಹಿಡಿದು ರೇಡಿಯೋದ ಕಿವಿ ತಿರುಹಿದಾಗ, ಒಮ್ಮೊಮ್ಮೆ ಏಕತಾರಿಯ ಒಂದೇ ಎಳೆಯ ನಾದದೊಡನೆ ಒಂದು ಹಾಡು ತೇಲಿಬರುತ್ತದೆ. ಮಾತು ನಮ್ಮ ಓಣಿಯ ಮಾತು. ಮಾಳಿಗೆ, ಕುದುರೆ, ಹುಕ್ಕಾ, ಸಂತೆ, ಮುದುಕಿ, ಕೋಳಿ ಎಂದು ಅದರಲ್ಲಿ ಬರುವ ವಸ್ತುಗಳೆಲ್ಲವೂ ನಮಗೆ ಗುರುತಿನವೇ. ಆದರೂ ಹಾಡು ಮುಗಿದ ಮೇಲೆ, "ಇದರ ಅರ್ಥವೇನು?" ಎಂದು ಮನೆಯ ಹುಡುಗನು ಕೇಳಿದರೆ ನಾವು ತಡವರಿಸುತ್ತೇವೆ. ಬಟ್ಟಲಲ್ಲಿಯ ಚಹ ಆರುತ್ತದೆ. ಉತ್ತರ ಮಾತ್ರ ಹೊಳೆಯುವುದಿಲ್ಲ. ಆ ಹಾಡನ್ನು ಕಟ್ಟಿದವರು ಶಿಶುನಾಳದ ಶರೀಫ ಸಾಹೇಬರು. ಅವರ ಬಾಳನ್ನೂ ಅವರ ಹಾಡು ನಮ್ಮವರೆಗೆ ನಡೆದುಬಂದ ದಾರಿಯನ್ನೂ ಅದನ್ನು ಕೇಳುವ ಬಗೆಯನ್ನೂ ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಶರೀಫರು ಹುಟ್ಟಿದುದು 1819ರಲ್ಲಿ. ಊರು ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳ, ಬಾಯಿಮಾತಿನಲ್ಲಿ ಶಿಶುನಾಳ. ಆಗ ಅದು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದಿತು. 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರಿ ಸಂತರ ಹರಕೆಯಿಂದ ಹುಟ್ಟಿದ ಮಗುವೆಂದು ಜನ ನಂಬುತ್ತಾರೆ. ಮನೆಯಲ್ಲಿ ನಮಾಜು ನಡೆಯುತ್ತಿದ್ದಿತು; ಅದೇ ಮನೆಯ ಹುಡುಗನ ಕಿವಿಯ ಮೇಲೆ ಪುರಾಣ, ಭಾರತ, ಶರಣರ ವಚನಗಳೂ ಬೀಳುತ್ತಿದ್ದುವು. ಹಳ್ಳಿಯಲ್ಲಿ ಗುಡಿಗೂ ಮಸೀದಿಗೂ ಬೇರೆ ಬೇರೆ ಬಾಗಿಲುಗಳು ಉಂಟು. ಹಾಡಿಗೆ ಬಾಗಿಲೇ ಇಲ್ಲ. ಅದು ಗೋಡೆಯನ್ನು ದಾಟಿ ಬರುತ್ತದೆ.

ಹುಡುಗನು ಕಲಿತು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಮುಲ್ಕಿಯಾದವನಿಗೆ ಸರಕಾರಿ ಕನ್ನಡ ಶಾಲೆಯ ಮಾಸ್ತರಿಕೆ ಸಿಗುತ್ತಿದ್ದಿತು. ಶರೀಫರೂ ಕೆಲವು ವರ್ಷ ಹಳ್ಳಿಗಳ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದರು. ಆಮೇಲೆ ಆ ಕೆಲಸವನ್ನು ಬಿಟ್ಟುಕೊಟ್ಟರು. ನಾನೂ ಮಾಸ್ತರನೇ. ತಿಂಗಳ ಕೊನೆಗೆ ಬರುವ ಸಂಬಳದ ರುಚಿ ಬಲ್ಲವನು. ಆದಕಾರಣ ಶರೀಫರ ಚರಿತ್ರೆಯಲ್ಲಿ ಪವಾಡಗಳಿಗಿಂತ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಈ ಒಂದು ಸಂಗತಿ. ಕೈಗೆ ಬಂದ ನೌಕರಿಯನ್ನು ಬಿಟ್ಟು, ಹಾಡನ್ನೇ ಹೊಟ್ಟೆಬಟ್ಟೆಯೆಂದು ನಂಬಿ ಹೊರಟ ಮನುಷ್ಯನ ಎದೆ ಎಂತಹದಿದ್ದೀತು!

ಆ ಎದೆಗೆ ಬಲ ಕೊಟ್ಟವರು ಗುರು ಗೋವಿಂದ ಭಟ್ಟರು. ಕುಂದಗೋಳ ತಾಲ್ಲೂಕಿನ ಕಳಸದ ಬ್ರಾಹ್ಮಣರು; ಮಡಿಮೈಲಿಗೆಯ ಕಟ್ಟನ್ನು ಲೆಕ್ಕಿಸದವರು. ಗುರುಶಿಷ್ಯರ ಮೊದಲ ಭೇಟಿಯ ಕಥೆ ಈ ಸೀಮೆಯಲ್ಲಿ ಮನೆಮಾತು. ನಿನ್ನ ತಂದೆ ಯಾರೆಂದು ಭಟ್ಟರು ಕೇಳಿದರಂತೆ. ನಿಮ್ಮ ತಂದೆ ಯಾರೋ ನನ್ನ ತಂದೆಯೂ ಅವನೇ ಎಂದು ಹುಡುಗನು ಉತ್ತರ ಕೊಟ್ಟನಂತೆ. ಮುಂದೆ ಭಟ್ಟರು ಈ ಶಿಷ್ಯನ ಕೊರಳಿಗೆ ತಾವೇ ಜನಿವಾರ ತೊಡಿಸಿದರೆಂದೂ ಹೇಳುತ್ತಾರೆ. ಕಥೆಯನ್ನು ಕಥೆಯೆಂದೇ ತೆಗೆದುಕೊಳ್ಳೋಣ. ಆದರೆ ಒಂದು ಮಾತು ನಿಜ: ಎರಡೂ ಕಡೆಯ ಜನರ ನಿಂದೆಯನ್ನು ಇಬ್ಬರೂ ಹೊತ್ತರು, ಸಂಗವನ್ನು ಬಿಡಲಿಲ್ಲ. ಶರೀಫರ ಪದಗಳಲ್ಲಿ ಗೋವಿಂದ ಗುರುವಿನ ಹೆಸರು ಮತ್ತೆ ಮತ್ತೆ ಬರುವುದಕ್ಕೆ ಇದೇ ಕಾರಣ.

ಸಂಸಾರ ಅವರಿಗೆ ಬಹುಕಾಲ ದಕ್ಕಲಿಲ್ಲ. ಹೆಂಡತಿ ಫಾತಿಮಾ ತೀರಿಕೊಂಡರು. ಒಂದು ಹೆಣ್ಣು ಮಗುವೂ ಉಳಿಯಲಿಲ್ಲವೆಂದು ಹೇಳುತ್ತಾರೆ. ನಾಡಿನ ಸ್ಥಿತಿಯೂ ಸುಖದ್ದಾಗಿರಲಿಲ್ಲ. ಅವರ ಎಳವೆಯಲ್ಲಿಯೇ, 1824ರಲ್ಲಿ, ಕಿತ್ತೂರಿನ ಕಾಳಗ ನಡೆಯಿತು. 1831ರಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನು ಗಲ್ಲಿಗೇರಿದನು. 1858ರಲ್ಲಿ ನರಗುಂದದ ಬಂಡಾಯವಾಯಿತು. 1876ರಿಂದ 1878ರವರೆಗೆ ಈ ಬಯಲುಸೀಮೆಯನ್ನು ಭೀಕರ ಬರಗಾಲ ಹಿಂಡಿತು. ಸಾವು, ಹಸಿವು, ಸೋಲು ಇವೆಲ್ಲವನ್ನೂ ಹತ್ತಿರದಿಂದ ಕಂಡ ಕಾಲದ ಮನುಷ್ಯರು ಶರೀಫರು. ಅವರ ಹಾಡಿನಲ್ಲಿ ನಗೆ ಇದೆ. ಆ ನಗೆಯ ಕೆಳಗೆ ಏನಿತ್ತು ಎಂಬುದನ್ನು ನಾವು ಮರೆಯಬಾರದು.

ನಮ್ಮ ಗರಗದ ಹೆಸರನ್ನು ಇಲ್ಲಿ ತರುವುದು ಊರಾಭಿಮಾನದ ಮಾತಲ್ಲ. ಕಳಸದ ಗೋವಿಂದ ಭಟ್ಟರು, ಶಿಶುನಾಳದ ಶರೀಫರು, ನವಲಗುಂದದ ನಾಗಲಿಂಗ ಸ್ವಾಮಿಗಳು, ಹುಬ್ಬಳ್ಳಿಯ ಸಿದ್ಧಾರೂಢರು, ಗರಗದ ಮಡಿವಾಳಪ್ಪನವರು ಎಂದು ಈ ಭಾಗದ ಮುದುಕರು ಒಂದೇ ಉಸಿರಿನಲ್ಲಿ ಹೇಳುವುದುಂಟು. ಒಂದೇ ಸೀಮೆಯಲ್ಲಿ, ಸುಮಾರು ಒಂದೇ ಕಾಲದಲ್ಲಿ ಬಾಳಿದ ಇವರು ಒಬ್ಬರನ್ನೊಬ್ಬರು ಕಂಡು ಮಾತನಾಡಿದ ಕಥೆಗಳು ಬೇಕಾದಷ್ಟಿವೆ. ಒಬ್ಬರದು ಒಂದು ಮತ, ಒಬ್ಬರದು ಒಂದು ಮಠ. ಆದರೂ ಭಜನೆಯ ಚಾಪೆಯ ಮೇಲೆ ಎಲ್ಲರ ಪದಗಳಿಗೂ ಜಾಗವಿದ್ದಿತು. ಇಂದಿಗೂ ಗರಗದ ಮಡಿವಾಳೇಶ್ವರರ ಊರಿನಲ್ಲಿ ಭಜನೆಗೆ ಕುಳಿತವರಿಗೆ ಶರೀಫರ ಪದ ಹೊರಗಿನದಲ್ಲ.

ಇದು ನಮ್ಮ ನಾಡಿಗೆ ಮಾತ್ರ ಸೇರಿದ ವಿಚಿತ್ರವೂ ಅಲ್ಲ. ಇದೇ ಶತಮಾನದಲ್ಲಿ ದೂರದ ಬಂಗಾಳದಲ್ಲಿ ಲಾಲನ ಫಕೀರರು ಏಕತಾರಿ ಹಿಡಿದು, ಜಾತಿ ಯಾವುದೆಂದು ಕೇಳುವವರನ್ನೇ ತಿರುಗಿ ಪ್ರಶ್ನಿಸುವ ಹಾಡುಗಳನ್ನು ಹಾಡುತ್ತಿದ್ದರು. ಶರೀಫರು ತೀರಿದುದು 1889ರಲ್ಲಿ; ಲಾಲನರು 1890ರಲ್ಲಿ. ಇವರ ಹೆಸರನ್ನು ಅವರು, ಅವರ ಹೆಸರನ್ನು ಇವರು ಕೇಳಿರಲಾರರು. ಆದರೂ ಇಬ್ಬರ ಕೈಯಲ್ಲಿಯೂ ಒಂದೇ ತಂತಿಯ ವಾದ್ಯ, ಇಬ್ಬರ ಬಾಯಲ್ಲಿಯೂ ಹಳ್ಳಿಯ ಮಾತು.

ಇನ್ನು ಹಾಡಿನ ಮಾತಿಗೆ ಬರೋಣ. ಶರೀಫರ ಹಾಡುಗಳನ್ನು ತತ್ತ್ವಪದಗಳೆಂದು ಕರೆಯುತ್ತೇವೆ. ತತ್ತ್ವಪದಕ್ಕೆ ಮೂರು ಅಂಗಗಳು. ಮೊದಲನೆಯದು ಪಲ್ಲವಿ, ಪ್ರತಿ ನುಡಿಯ ಕೊನೆಗೆ ಮರಳಿ ಬರುವ ಸಾಲು. ಎರಡನೆಯದು ನುಡಿಗಳು, ವಿಷಯವನ್ನು ಒಂದೊಂದೇ ಮೆಟ್ಟಿಲು ಏರಿಸುವ ಭಾಗ. ಮೂರನೆಯದು ಮುದ್ರಿಕೆ, ಕೊನೆಯ ನುಡಿಯಲ್ಲಿ ಬರುವ ಅಂಕಿತ. ಶರೀಫರ ಮುದ್ರಿಕೆ ಶಿಶುನಾಳಧೀಶ, ಎಂದರೆ ಶಿಶುನಾಳದ ಒಡೆಯ. ತಮ್ಮ ಹೆಸರನ್ನು ಅಲ್ಲಿಡದೆ ಊರ ದೇವರ ಹೆಸರನ್ನು ಇಟ್ಟರೆಂಬುದನ್ನು ಗಮನಿಸಿರಿ. ವಚನಕಾರರ ದಾರಿಯೂ ಇದೇ, ದಾಸರ ದಾರಿಯೂ ಇದೇ.

ಭಜನೆಯಲ್ಲಿ ಒಬ್ಬನು ಮುಂದೆ ಹಾಡುತ್ತಾನೆ, ಉಳಿದವರು ಹಿಂದೆ ಎತ್ತಿಕೊಳ್ಳುತ್ತಾರೆ. ಏಕತಾರಿ, ತಾಳ, ದಮ್ಮಡಿ ಇದ್ದರೆ ಸಾಕು. ಆಮೇಲಿನ ಕಾಲದಲ್ಲಿ ಪೇಟಿ, ತಬಲಗಳೂ ಸೇರಿದುವು. ಹಿಂದಿನವರು ಪಲ್ಲವಿಯನ್ನು ತಿರುತಿರುಗಿ ಹಾಡುವಾಗ ಮುಂದಿನವನಿಗೆ ಎರಡು ಲಾಭ: ಉಸಿರು ಎಳೆದುಕೊಳ್ಳಲು ಬಿಡುವು, ಮುಂದಿನ ನುಡಿಯನ್ನು ನೆನೆಯಲು ಸಮಯ. ಕಾಗದವಿಲ್ಲದೆ ನೂರಾರು ಪದಗಳು ತಲೆಮಾರುಗಳನ್ನು ದಾಟಿಬಂದ ಗುಟ್ಟು ಇದರಲ್ಲಿದೆ. ಪ್ರಾಸವು ಗೂಟ, ಪಲ್ಲವಿಯು ಹಗ್ಗ. ಮಾತು ತಪ್ಪಿಸಿಕೊಂಡು ಹೋಗಲಾರದು.

ಮೊಹರಮ್ಮಿನ ಕಾಲಕ್ಕೆ ಅಲಾಯಿಯ ಮುಂದೆ ಹೆಜ್ಜೆ ಹಾಕುತ್ತ ಹಾಡುವ ರಿವಾಯತ ಪದಗಳನ್ನೂ ಶರೀಫರು ಕಟ್ಟಿದರು. ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿತಕ್ಕೆ ಎಲ್ಲ ಜಾತಿಯವರೂ ಸೇರುವರಾದ್ದರಿಂದ, ಆ ಪದಗಳನ್ನು ಕಲಿತ ಬಾಯಿಗಳೂ ಎಲ್ಲ ಜಾತಿಯವೇ.

ಈಗ ಹುಡುಗನ ಪ್ರಶ್ನೆಗೆ ಉತ್ತರ ಕೊಡಬೇಕು: ಅರ್ಥವೇನು? ಮೂರು ಪದಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲನೆಯದು ಸೋರುವ ಮಾಳಿಗೆಯ ಪದ. ಪೇಟೆಯಲ್ಲಿ ಮಾಳಿಗೆಯೆಂದರೆ ಮೇಲಂತಸ್ತು. ನಮ್ಮ ಕಡೆಯ ಹಳೆಯ ಮಾಳಿಗೆಯೇ ಬೇರೆ. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣಿನ ಮೇಲ್ಮುದ್ದೆ. ವರ್ಷಕ್ಕೊಮ್ಮೆ ಮಳೆಗಾಲದ ಮೊದಲು ಮೇಲೆ ಹತ್ತಿ, ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹಾಕಿ ತುಳಿಯಬೇಕು. ಒಂದು ವರ್ಷ ಮೈಗಳ್ಳತನ ಮಾಡಿದರೆ ಮರುಮಳೆಗೆ ನೀರು ಒಳಗೆ. ಇಷ್ಟು ತಿಳಿದವನಿಗೆ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯೆಂದರೆ ಮೈ, ಮಾಳಿಗೆಯೆಂದರೆ ಬುದ್ಧಿ, ಸೋರುವುದಕ್ಕೆ ಕಾರಣ ಮಳೆಯಲ್ಲ, ಒಡೆಯನ ಅಜ್ಞಾನ. ಕಾಂಕ್ರೀಟು ಚಾವಣಿಯ ಕೆಳಗೆ ಬೆಳೆದ ಮಕ್ಕಳಿಗೆ ಮೊದಲು ಮೇಲ್ಮುದ್ದೆಯನ್ನು ವಿವರಿಸಿರಿ. ತತ್ತ್ವವು ತಾನಾಗಿ ಹಿಂದೆ ಬರುವುದು.

ಎರಡನೆಯದು ಹುಲಗೂರಿನ ಸಂತೆಯ ಗದ್ದಲದಲ್ಲಿ ನಿಂತ ಮುದುಕಿಯ ಪದ. ಬಿದ್ದೀಯೇ, ಜೋಕೆ, ಎಂದು ಅವಳನ್ನು ಎಚ್ಚರಿಸುತ್ತಾರೆ. ಹುಲಗೂರು ಶಿಶುನಾಳದ ನೆರೆಯ ಊರು, ಸಂತೆಯೂ ನಿಜವಾದುದೇ. ಕೇಳಿದವರು ಮೊದಲು ನಗುತ್ತಾರೆ. ಆ ಸಂತೆ ಈ ಸಂಸಾರ, ಆ ಮುದುಕಿ ನಾವೇ ಎಂದು ಆಮೇಲೆ ಹೊಳೆದು ಸುಮ್ಮನಾಗುತ್ತಾರೆ. ಇಲ್ಲಿಯ ಜಾಣ್ಮೆಯೆಂದರೆ ಉಪದೇಶವನ್ನು ಗದರಿಕೆಯ ಹಾಗೆ ಹೇಳದೆ, ಮನೆಯವರು ಕೈಹಿಡಿದು ಹೇಳುವ ಹಾಗೆ ಹೇಳಿದುದು.

ಮೂರನೆಯದು ಕೋಳಿಯು ಕೋಡಗವನ್ನು ನುಂಗುವ ಪದ. ಇಲ್ಲಿ ಎಲ್ಲವೂ ತಲೆಕೆಳಗು, ನುಂಗಿಸಿಕೊಳ್ಳಬೇಕಾದುದೇ ನುಂಗುತ್ತದೆ. ಇದು ಅಲ್ಲಮಪ್ರಭುವಿನ ಕಾಲದಿಂದ ಕನ್ನಡದಲ್ಲಿ ಬಂದ ಬೆಡಗಿನ ಮಾರ್ಗ. ಕೋಡಗವು ಚಂಚಲವಾದ ಮನಸ್ಸು. ಅದನ್ನು ಎಚ್ಚರಿಸಿ ಕೂಗುವ ಕೋಳಿಯು ಅರಿವು ಎಂದು ಬಲ್ಲವರು ಅರ್ಥ ಮಾಡುತ್ತಾರೆ. ಬೀಗದ ಕೈ ಕೊನೆಯ ನುಡಿಯಲ್ಲಿದೆ. ಅಲ್ಲಿ ಗುರುವಿನ ಪಾದವೇ ಹಾಡುಗಾರನನ್ನು ನುಂಗುತ್ತದೆ. ಹಾಡನ್ನು ಅರ್ಧಕ್ಕೆ ನಿಲ್ಲಿಸಿದರೆ ವಿನೋದ ಮಾತ್ರ ಉಳಿಯುತ್ತದೆ. ಕೊನೆಯವರೆಗೆ ಕೇಳಿದವನಿಗೆ ವಿನೋದದ ಫಲ ಸಿಗುತ್ತದೆ.

ಹೊಸ ವಸ್ತುಗಳೂ ಶರೀಫರ ಕಣ್ಣಿಗೆ ಹೊರತಾಗಿರಲಿಲ್ಲ. ಅವರ ಕೊನೆಗಾಲಕ್ಕೆ ಈ ಭಾಗಕ್ಕೆ ಯಂತ್ರದ ಗಿರಣಿಗಳು ಕಾಲಿಡತೊಡಗಿದ್ದುವು. ಗಿರಣಿಯ ವಿಸ್ತಾರವನ್ನು ನೋಡಿಯೂ ಒಂದು ಪದ ಕಟ್ಟಿದರು. ಗರಗದಲ್ಲಿ ಕುಳಿತು ಈ ಪದವನ್ನು ಕೇಳುವುದು ಒಂದು ವಿಶೇಷ. 1954ರಲ್ಲಿ ನಮ್ಮಲ್ಲಿ ಖಾದಿಯ ಸಂಘ ಹುಟ್ಟಿತು. ಇಲ್ಲಿ ಕೈಯಿಂದ ನೂತು ನೇಯ್ದ ಬಟ್ಟೆಯಿಂದ ರಾಷ್ಟ್ರಧ್ವಜಗಳು ಆಗಿವೆ. ಚರಕದ ಮುಂದೆ ಕುಳಿತ ಹೆಣ್ಣುಮಗಳೊಬ್ಬಳು ಗಿರಣಿಯ ಪದವನ್ನು ಗುನುಗುವುದನ್ನು ನಾನು ಕೇಳಿದ್ದೇನೆ. ಯಂತ್ರವು ಅವಳ ವೈರಿಯೆಂದು ನಾವು ಪುಸ್ತಕದಲ್ಲಿ ಓದಿರುತ್ತೇವೆ. ಅವಳಿಗೆ ಅದೂ ಒಂದು ಪದ, ಕೈಗೆ ಲಯ ಕೊಡುವ ಪದ.

ಇಷ್ಟು ವಿವರಿಸಿದ ನಾನು ನನ್ನದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ನೌಕರಿಗೆ ಸೇರಿದ ಹೊಸತು. ಪಂಡಿತ ಪರೀಕ್ಷೆಯ ವ್ಯಾಕರಣ ಇನ್ನೂ ನಾಲಗೆಯ ತುದಿಯಲ್ಲಿಯೇ ಇದ್ದಿತು. ಶಾಲೆಯ ಕೂಟಕ್ಕೆ ಮಕ್ಕಳಿಂದ ತತ್ತ್ವಪದ ಹಾಡಿಸಬೇಕೆಂದು ಊರಿನ ಹಿರಿಯ ಭಜನೆಕಾರರೊಬ್ಬರನ್ನು ಕರೆದೆ. ಮಗ್ಗದ ಮೇಲೆ ದುಡಿದು ಬೆನ್ನು ಬಾಗಿದ ಮುದುಕರು. ಅವರು ಹೇಳಿದ ಪದವನ್ನು ಬರೆದುಕೊಂಡು, 'ಅಶುದ್ಧ' ರೂಪಗಳನ್ನೆಲ್ಲ ಕೆಂಪು ಮಸಿಯಿಂದ ತಿದ್ದಿದೆ. 'ಐತಿ' ಇದ್ದಲ್ಲಿ 'ಇದೆ' ಮಾಡಿದೆ. 'ಮಾಡತೀನಿ' ಇದ್ದಲ್ಲಿ 'ಮಾಡುತ್ತೇನೆ' ಮಾಡಿದೆ. ಹೀಗೆ ಹಾಡಿರೆಂದು ಓದಿ ಹೇಳಿದೆ. ಮುದುಕರು ಎರಡು ಸಲ ಯತ್ನಿಸಿ ತಾಳವನ್ನು ಕೆಳಗಿಟ್ಟರು.

"ಮಾಸ್ತರ್ರ, ನಿಮ್ಮ ಅಕ್ಷರ ಭಾಳ ಚಂದ ಅದಾವ್ರಿ. ಆದ್ರ ಹಾಡು ಬಾಯಾಗ ಕುಂದರವಲ್ದು. ತಾಳ ಒಂದು ಕಡೆ ಹೊಂಟೈತಿ, ಮಾತು ಒಂದು ಕಡೆ ಹೊಂಟೈತಿ" ಎಂದರು.

"ಅಜ್ಜಾರ, ಶುದ್ಧ ಮಾಡೀನಲ್ರಿ?" ಎಂದೆ.

"ಹೌದ್ರಿ. ಶುದ್ಧ ಆಗೈತಿ, ಹಾಡ ಇಲ್ಲ" ಎಂದು ಮೇಲೆದ್ದರು. ಆ ವರ್ಷದ ಕೂಟದಲ್ಲಿ ತತ್ತ್ವಪದ ಆಗಲಿಲ್ಲ. ಅವರನ್ನು ಮತ್ತೊಮ್ಮೆ ಕರೆಯಬೇಕೆಂದು ನಾನು ಮನಸ್ಸು ಮಾಡುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅವರ ಬಾಯಲ್ಲಿದ್ದ ಪದಗಳೆಷ್ಟೋ, ಅವರೊಡನೆಯೇ ಹೋದುವು.

ಆ ರಾತ್ರಿ ಮನೆಗೆ ಬಂದು, ನಾನೇ ಮಕ್ಕಳಿಗೆ ಕಲಿಸುವ ಛಂದಸ್ಸಿನ ಲೆಕ್ಕವನ್ನು ಹಾಕಿ ನೋಡಿದೆ. 'ಐತಿ' ಎಂಬಲ್ಲಿ ಒಂದು ಗುರು, ಒಂದು ಲಘು. ಒಟ್ಟು 3 ಮಾತ್ರೆ. 'ಇದೆ' ಎಂಬಲ್ಲಿ ಎರಡು ಲಘು, 2 ಮಾತ್ರೆ. 'ಮಾಡತೀನಿ' 6 ಮಾತ್ರೆ, 'ಮಾಡುತ್ತೇನೆ' 7. ಒಂದು ಕಡೆ ಮಾತ್ರೆಯನ್ನು ಕದ್ದಿದ್ದೆ, ಇನ್ನೊಂದು ಕಡೆ ಹೇರಿದ್ದೆ. ಅಕ್ಷರ ಬಾರದ ಮುದುಕರಿಗೆ ಕಿವಿಯು ಹೇಳಿದುದನ್ನು, ಪಂಡಿತನಾದ ನನಗೆ ಪುಸ್ತಕವು ಹೇಳಿರಲಿಲ್ಲ. ದೇಸಿಯ ನುಡಿ ಕೆಟ್ಟ ಮಾರ್ಗದ ನುಡಿಯಲ್ಲ. ಅದಕ್ಕೆ ತನ್ನದೇ ಆದ ತೂಕವಿದೆ. ಸ್ವರವರಿಯದೆ ತಂಬೂರಿ ಮುಟ್ಟಬೇಡವೆಂದು ಶರೀಫರು ಹಾಡಿದ ಪದ ಪ್ರಸಿದ್ಧವಾದುದು. ಆ ಪದವನ್ನು ನನಗಾಗಿಯೇ ಕಟ್ಟಿದರೋ ಎಂದು ಆ ದಿನ ಅನ್ನಿಸಿತು.

ಇಲ್ಲಿಗೆ ಬಾನುಲಿಯ ಪಾತ್ರವನ್ನು ನೆನೆಯುವುದು ಉಚಿತ. ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. ಅದಕ್ಕೆ ಮುಂಚೆ ಒಂದೂರಿನ ಭಜನೆ ಹೆಚ್ಚೆಂದರೆ ಮೂರೂರಿಗೆ ಕೇಳುತ್ತಿದ್ದಿತು. ಬಾನುಲಿಯು ಅದನ್ನು ಸೀಮೆಯ ಆಚೆಗೆ ಮುಟ್ಟಿಸಿತು. ಹಳ್ಳಿಯ ಹಾಡುಗಾರನಿಗೆ ಪೇಟೆಯ ನಡುಮನೆಯಲ್ಲಿ ಮರ್ಯಾದೆ ದೊರಕಿಸಿತು. ಒಂದು ಸ್ವಾರಸ್ಯ ಕೇಳಿರಿ. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಮ್ಮಿಗೆ ನಿಷೇಧವಿದ್ದಿತು. ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಸಂಗೀತಕ್ಕೆ ಆ ವಾದ್ಯ ಒಗ್ಗದೆಂಬುದು ಅಂದಿನವರ ವಾದ. ಊರ ಭಜನೆಯಲ್ಲಿ ಮೆರೆಯುತ್ತಿದ್ದ ಪೇಟಿಯು ಹೊರಗೆ ಉಳಿಯಿತು; ಬಡ ಏಕತಾರಿಗೆ ಅಂತಹ ತಡೆಯೇ ಇರಲಿಲ್ಲ.

ಬಾನುಲಿಯು ಕೊಟ್ಟ ಲಾಭದೊಡನೆ ಒಂದು ನಷ್ಟವೂ ಉಂಟು. ಗಡಿಯಾರದ ಮುಳ್ಳಿಗೆ ಹಾಡು ತಗ್ಗಬೇಕಾಯಿತು. ರಾತ್ರಿಯೆಲ್ಲ ನಡೆಯುವ ಭಜನೆಯಲ್ಲಿ ಪಲ್ಲವಿಯನ್ನು ಎಷ್ಟು ಸಲ ತಿರುವಿದರೂ ಕೇಳುವವರಿಲ್ಲ; ಪ್ರಸಾರದಲ್ಲಿ ನುಡಿಗಳನ್ನು ಬಿಡಬೇಕಾಗುತ್ತದೆ. ಆಮೇಲೆ ಧ್ವನಿಸುರುಳಿಗಳು ಬಂದುವು. ಸಿ. ಅಶ್ವತ್ಥರು ಶರೀಫರ ಪದಗಳಿಗೆ ಹೊಸ ಮಟ್ಟುಗಳನ್ನು ಹಾಕಿ ಹಾಡಿದರು, ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಆ ಪದಗಳನ್ನು ನಾಡಿಗೆ ಮತ್ತೆ ಪರಿಚಯಿಸಲು ಬಹಳ ದುಡಿದರು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದಿತು. ಶ್ರೀಧರ ಅವರು ಶರೀಫರಾಗಿಯೂ ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿಯೂ ಅಭಿನಯಿಸಿದ ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಲಭಿಸಿತು. ಇವರೆಲ್ಲರ ಉಪಕಾರ ದೊಡ್ಡದು. ಆದರೆ ಇಂದಿನ ಮಕ್ಕಳು ಆ ಮಟ್ಟುಗಳೇ ಮೂಲವೆಂದು ತಿಳಿದು, ಅಜ್ಜಿಯು ಬೇರೆ ಧಾಟಿಯಲ್ಲಿ ಹಾಡಿದರೆ ಅದು ತಪ್ಪೆನ್ನುತ್ತಾರೆ. ನಾನು ಕೆಂಪು ಮಸಿಯಿಂದ ಮಾಡಿದುದನ್ನೇ ಅವರು ಮೊಬೈಲಿನಿಂದ ಮಾಡುತ್ತಿದ್ದಾರೆ. ಮೂಲವೆಂಬುದು ಇಲ್ಲಿ ಒಂದಿಲ್ಲ. ಬಾಯಿಂದ ಬಾಯಿಗೆ ಬಂದ ಹಾಡಿಗೆ ಪಾಠಾಂತರಗಳೇ ಬೇರುಗಳು.

1889ರಲ್ಲಿ ಶರೀಫರು ದೇಹ ಬಿಟ್ಟಾಗ ಹಿಂದೂಗಳೂ ಮುಸಲ್ಮಾನರೂ ತಂತಮ್ಮ ವಿಧಿಗಳನ್ನು ನಡೆಯಿಸಿದರೆಂದು ಹೇಳುತ್ತಾರೆ. ಶಿಶುನಾಳದ ಅವರ ಗದ್ದುಗೆಗೆ ಈಗಲೂ ಎರಡೂ ಕಡೆಯ ಜನ ನಡೆದುಕೊಳ್ಳುತ್ತಾರೆ. ಒಬ್ಬ ಮನುಷ್ಯನನ್ನು ಇಬ್ಬರೂ ನಮ್ಮವನೆಂದು ಎಳೆದಾಡಿ ಹರಿಯುವುದುಂಟು; ಇಬ್ಬರೂ ನಮ್ಮವನೆಂದು ಹೆಗಲು ಕೊಡುವುದೂ ಉಂಟು. ಶರೀಫರಿಗೆ ಎರಡನೆಯದು ದೊರೆಯಿತು. ಅವರ ಪದಗಳನ್ನು ಇಬ್ಬರೂ ಹಾಡುತ್ತ ಬಂದುದೇ ಅದಕ್ಕೆ ಕಾರಣವೆಂದು ನನ್ನ ಭಾವನೆ.

ಕೊನೆಗೆ ತಮ್ಮಲ್ಲಿ ಎರಡು ಬಿನ್ನಹಗಳು. ತತ್ತ್ವಪದದ ಪ್ರಸಾರವಿದ್ದ ದಿನ ಮುದ್ರಿಕೆ ಬರುವವರೆಗೆ ರೇಡಿಯೋದ ಕಿವಿ ತಿರುಹಬೇಡಿರಿ. ಆ ಮೇಲೆ, ತಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಪದ ಬಲ್ಲ ಹಿರಿಯರಿದ್ದರೆ ಅವರ ಮುಂದೆ ಕುಳಿತು ಬರೆದುಕೊಳ್ಳಿರಿ, ಇಲ್ಲವೆ ಮೊಬೈಲಿನಲ್ಲಿ ಹಿಡಿದಿಡಿರಿ. 'ಐತಿ' ಎಂದರೆ 'ಐತಿ' ಎಂದೇ ಬರೆಯಿರಿ. ಕೆಂಪು ಮಸಿ ಮುಟ್ಟಬೇಡಿರಿ. ಈ ಕೆಲಸವನ್ನು ನಾಳೆಗೆ ಇಡಬೇಡಿರಿ. ನಾಳೆಗೆ ಇಟ್ಟವನ ಮಾತು ಇದು.